ಹೊಟ್ಟೆಯೊಳಗಿನ ಬಟ್ಟೆಯ ನಾಳ: ಬಾಳಿಕೆ ಎಷ್ಟು, ಕೆಡುವುದು ಎಲ್ಲಿ?

ಹೃದಯದಿಂದ ಹೊರಟು ಎದೆ, ಹೊಟ್ಟೆ ದಾಟಿ ಹೊಕ್ಕುಳ ಮಟ್ಟದಲ್ಲಿ ಎರಡಾಗಿ ಕವಲೊಡೆಯುವ ಮಹಾಪಧಮನಿಗೆ ಕೃತಕ ಗ್ರಾಫ್ಟ್, ಅಂದರೆ ಕೆಟ್ಟ ನಾಳದ ಬದಲಿಗೆ ಜೋಡಿಸುವ ಬಟ್ಟೆಯ ನಾಳ, ಹಾಕಿಸಿಕೊಂಡವರು ಮತ್ತು ಅವರ ಮನೆಯವರು ಕಳಿಸಿದ ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಹೆಸರು ಬಿಟ್ಟು ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಹೊಟ್ಟೆಯ ಮಹಾಪಧಮನಿ 6 ಸೆಂ.ಮೀ.ಗೆ ಉಬ್ಬಿತ್ತು. ಎರಡು ವರ್ಷದ ಹಿಂದೆ ಹೊಟ್ಟೆ ತೆರೆದು ಡೇಕ್ರಾನ್ ನಾಳ ಹಾಕಿದರು. ‘ಜೀವನಪೂರ್ತಿ ಇರುತ್ತದೆ’ ಎಂದರು ಡಾಕ್ಟರು. ಬಟ್ಟೆ ಅಂದಮೇಲೆ ಒಂದು ದಿನ ಸವೆಯಲೇಬೇಕಲ್ಲ? — ದಾವಣಗೆರೆ

ಉತ್ತರ: ಸವೆಯುತ್ತದೆ, ಆದರೆ ಬಹಳ ನಿಧಾನವಾಗಿ. ಡೇಕ್ರಾನ್ ಎಂದರೆ ಪಾಲಿಯೆಸ್ಟರ್, ಅಂಗಿ ಸೀರೆಗಳಿಗೆ ಬಳಸುವ ನೂಲಿನ ಜಾತಿಯೇ. ದೇಹದೊಳಗಿನ ನೀರಿನಂಶ ವರ್ಷಗಟ್ಟಲೆ ಅದರ ಉದ್ದನೆಯ ಅಣುಸರಪಳಿಯನ್ನು ಅಲ್ಲಲ್ಲಿ ಕಡಿಯುತ್ತಾ ಬರುತ್ತದೆ, ಎಳೆಯ ಬಲ ಕುಗ್ಗುತ್ತದೆ. ಆದರೂ ಹೊಸ ಗ್ರಾಫ್ಟ್‌ನ ಬಲ ಮಾಮೂಲಿ ರಕ್ತದೊತ್ತಡಕ್ಕೆ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ, ಕೆಲವು ದಶಕ ಕಳೆದ ಮೇಲೂ ಸಾಕಷ್ಟು ಉಳಿದಿರುತ್ತದೆ.

ಈ ನೂಲೇ ಏಕೆ ಎಂಬುದಕ್ಕೂ ಹಿನ್ನೆಲೆ ಇದೆ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ಸರ್ಜನ್ ಆರ್ಥರ್ ವೂರ್‌ಹೀಸ್ 1952ರಲ್ಲಿ ವಿನ್ಯಾನ್-ಎನ್ ಎಂಬ ಕೃತಕ ಬಟ್ಟೆಯ ನಾಳವನ್ನು ನಾಯಿಗಳ ಮಹಾಪಧಮನಿಗೆ ಜೋಡಿಸಿದ ವರದಿ ಪ್ರಕಟಿಸಿದರು. ಎರಡು ವರ್ಷದಲ್ಲಿ ಮನುಷ್ಯರಲ್ಲಿ ಬಳಸಿದ ವರದಿಯೂ ಬಂತು. ಆಮೇಲೆ ನೈಲಾನ್, ಟೆಫ್ಲಾನ್, ಓರ್ಲಾನ್ ಎಲ್ಲವನ್ನೂ ಪರೀಕ್ಷಿಸಿದರು. ನೈಲಾನ್ ಕೆಲವೇ ತಿಂಗಳಲ್ಲಿ ಬಲದ ಬಹುಪಾಲು ಕಳೆದುಕೊಂಡಿತು. ಹೂಸ್ಟನ್ನಿನ ಸರ್ಜನ್ ಮೈಕೆಲ್ ಡಿಬೇಕಿ ಮನೆಯ ಹೊಲಿಗೆ ಯಂತ್ರದಲ್ಲಿ ಹೊಲಿದು ನೋಡಿದ ಡೇಕ್ರಾನ್ ಉಳಿದುಕೊಂಡಿತು. ಇಂದಿಗೂ ಮಹಾಪಧಮನಿಗೆ ಅದೇ ಮುಖ್ಯ ವಸ್ತು.

ಆದ್ದರಿಂದ ‘ಬಟ್ಟೆ ಹರಿಯುತ್ತದೆಯೇ’ ಎಂಬುದು ತಂದೆಯವರ ಮಟ್ಟಿಗೆ ದೊಡ್ಡ ಚಿಂತೆಯಲ್ಲ. ಕೆಡುವುದು ಹೆಚ್ಚಾಗಿ ಮೂರು ಕಡೆ: ಗ್ರಾಫ್ಟನ್ನು ಅವರ ಸ್ವಂತ ನಾಳಕ್ಕೆ ಹೊಲಿದ ಜಾಗದಲ್ಲಿ, ಬಟ್ಟೆಗೆ ರೋಗಾಣು ಹತ್ತಿದಾಗ, ಮತ್ತು ಗ್ರಾಫ್ಟ್‌ನ ಮೇಲೆ ಕೆಳಗೆ ಉಳಿದಿರುವ ಸ್ವಂತ ನಾಳ ಹೊಸದಾಗಿ ಉಬ್ಬಿದಾಗ. ಅಮೆರಿಕದ ಮೇಯೋ ಕ್ಲಿನಿಕ್ಕಿನವರು ಮಿನೆಸೋಟದ ಒಂದೇ ಕೌಂಟಿಯಲ್ಲಿ 1957ರಿಂದ 1990ರವರೆಗೆ ಹೀಗೆ ತೆರೆದ ಶಸ್ತ್ರಚಿಕಿತ್ಸೆ ಆದ 307 ಜನರನ್ನು ಹಿಂಬಾಲಿಸಿ 1997ರಲ್ಲಿ ಲೆಕ್ಕ ಕೊಟ್ಟರು. ಗ್ರಾಫ್ಟ್‌ಗೆ ಸಂಬಂಧಿಸಿದ ತೊಂದರೆ ಬಂದದ್ದು ಶೇ 9.4 ಮಂದಿಗೆ. ಅದರಲ್ಲಿ ಮುಖ್ಯವಾದವು: ಹೊಲಿಗೆಯ ಜಾಗದ ಹುಸಿ ಉಬ್ಬು (ಜೋಡಣೆ ಬಿಟ್ಟು ಹೊರಬಂದ ರಕ್ತ ಸುತ್ತಲಿನ ಊತಕದೊಳಗೆ ಚೀಲ ಕಟ್ಟಿಕೊಳ್ಳುವುದು) ಶೇ 3, ಗ್ರಾಫ್ಟ್ ಹೆಪ್ಪುಗಟ್ಟಿ ಮುಚ್ಚಿದ್ದು ಶೇ 2, ಕರುಳಿಗೆ ಕೊರೆದುಕೊಂಡದ್ದು ಶೇ 1.6, ಸೋಂಕು ಶೇ 1.3. ಹತ್ತರಲ್ಲಿ ಒಂಬತ್ತು ಜನಕ್ಕೆ ಗ್ರಾಫ್ಟ್‌ನಿಂದ ತೊಂದರೆಯೇ ಇಲ್ಲ. ಇವರಲ್ಲಿ ಹೆಚ್ಚಿನವರ ಆಯಸ್ಸನ್ನು ತೀರ್ಮಾನಿಸುವುದು ಹೃದಯಾಘಾತ, ಶ್ವಾಸಕೋಶದ ಕಾಯಿಲೆ ಮತ್ತು ಬೀಡಿ ಸಿಗರೇಟು. ತಂದೆಯವರು ಇನ್ನೂ ಸೇದುತ್ತಿದ್ದರೆ ಬಟ್ಟೆಯ ಚಿಂತೆ ಬಿಟ್ಟು ಅದನ್ನು ಬಿಡಿಸಿ.

ತೆರೆದ ಶಸ್ತ್ರಚಿಕಿತ್ಸೆಯ ನಂತರ 5 ವರ್ಷಕ್ಕೊಮ್ಮೆ ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸಿ.ಟಿ. ಸ್ಕ್ಯಾನ್ ಬೇಕು. ಅಳತೆಯಷ್ಟೇ ಬೇಕಿದ್ದರೆ, ನಾಳ ಎದ್ದುಕಾಣಲೆಂದು ಚುಚ್ಚುವ ಕಾಂಟ್ರಾಸ್ಟ್ ಔಷಧಿ ಇಲ್ಲದೆಯೂ ಆಗುತ್ತದೆ, ಮೂತ್ರಪಿಂಡ ದುರ್ಬಲವಿರುವವರು ಇದನ್ನು ಮೊದಲೇ ಕೇಳಬೇಕು.

ಪ್ರಶ್ನೆ: ಡಿಸ್ಚಾರ್ಜ್ ಚೀಟಿಯಲ್ಲಿ ‘18×9 ನಿಟೆಡ್, ಜೆಲಟಿನ್ ಸೀಲ್ಡ್, ವೈ ಗ್ರಾಫ್ಟ್’ ಎಂದಿದೆ. ಪಕ್ಕದ ಹಾಸಿಗೆಯವರಿಗೆ ‘ವೋವನ್’ ಹಾಕಿದ್ದರು. ನಮಗೆ ಕಡಿಮೆ ದರ್ಜೆಯದು ಹಾಕಿದರೇ? — ಹುಬ್ಬಳ್ಳಿ

ಉತ್ತರ: ಇಲ್ಲ. 18 ಎಂಬುದು ಮೇಲಿನ ಕಾಂಡದ ವ್ಯಾಸ, 9 ಎಂಬುದು ಎರಡು ಕವಲುಗಳದು, ಎರಡೂ ಮಿಲಿಮೀಟರಿನಲ್ಲಿ. 16×8, 18×9, 20×10 ಇವೆಲ್ಲ ಸಾಮಾನ್ಯ ಅಳತೆಗಳು.

ನಿಟೆಡ್ ಎಂದರೆ ಬನಿಯನ್ನಿನಂತೆ ಕುಣಿಕೆ ಕುಣಿಕೆಯಾಗಿ ಹೆಣೆದದ್ದು, ವೋವನ್ ಎಂದರೆ ಪಂಚೆಯಂತೆ ಹಾಸು ಹೊಕ್ಕಾಗಿ ನೇಯ್ದದ್ದು. ಹೆಣೆದದ್ದು ಮೃದು, ಸೂಜಿ ಸುಲಭವಾಗಿ ಹೋಗುತ್ತದೆ, ಕತ್ತರಿಸಿದ ಅಂಚು ಬೇಗ ಬಿಚ್ಚಿಕೊಳ್ಳುವುದಿಲ್ಲ, ಸುತ್ತಲಿನ ಊತಕ ಅದರೊಳಗೆ ಚೆನ್ನಾಗಿ ಬೇರೂರುತ್ತದೆ. ಆದರೆ ರಂಧ್ರ ಹೆಚ್ಚು, ಕಾಲಕ್ರಮದಲ್ಲಿ ಹಿಗ್ಗುವುದೂ ಹೆಚ್ಚು. ನೇಯ್ದದ್ದು ಬಿಗಿ, ಸೋರುವುದು ಕಡಿಮೆ, ಹಿಗ್ಗುವುದು ಕಡಿಮೆ. ಆದರೆ ಗಡಸು, ಅಂಚಿನ ಎಳೆ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಅದನ್ನು ಕಾಟರಿ ಎಂಬ ಬಿಸಿ ಮೊನೆಯ ಸಾಧನದಿಂದ ಸುಟ್ಟು ಕತ್ತರಿಸುತ್ತಾರೆ, ಹೊಲಿಗೆಯನ್ನೂ ಅಂಚಿನಿಂದ ತುಸು ಒಳಗೆ ಹಾಕುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧಿಯ ಪ್ರಮಾಣ ಹೆಚ್ಚಿರುವ ಎದೆಯ ಭಾಗಕ್ಕೆ ನೇಯ್ದದ್ದೇ ವಾಡಿಕೆ. ಹೊಟ್ಟೆಯ ಭಾಗಕ್ಕೆ ಎರಡೂ ನಡೆಯುತ್ತವೆ. ಆಯ್ಕೆ ಬಹುಮಟ್ಟಿಗೆ ಸರ್ಜನ್ನರ ಕೈರೂಢಿ.

‘ಸೀಲ್ಡ್’ ಎಂಬುದರ ಕಥೆ ಬೇರೆ. ಹಿಂದೆ ಹೆಣೆದ ಗ್ರಾಫ್ಟನ್ನು ಹೊಲಿಯುವ ಮೊದಲು ರೋಗಿಯದೇ ರಕ್ತದಲ್ಲಿ ನೆನೆಸಿ, ಹೆಪ್ಪುಗಟ್ಟಿಸಿ, ರಂಧ್ರ ಮುಚ್ಚಬೇಕಿತ್ತು. ಅದೂ ಹೆಪಾರಿನ್ ಕೊಡುವ ಮೊದಲೇ ತೆಗೆದ ರಕ್ತವಾಗಬೇಕು. ಮರೆತರೆ ರಕ್ತ ತಡೆದು ಹಿಡಿದ ಕ್ಲಾಂಪ್ ಬಿಟ್ಟ ಕೂಡಲೇ ಬಟ್ಟೆಯ ಮೈಯೆಲ್ಲ ಸೋರುತ್ತಿತ್ತು. ಈಗ ಕಾರ್ಖಾನೆಯಲ್ಲೇ ಜೆಲಟಿನ್, ಕೊಲಾಜೆನ್ ಅಥವಾ ಆಲ್ಬುಮಿನ್ ಲೇಪಿಸಿ ಕಳಿಸುತ್ತಾರೆ. ಕೆಲವು ವಾರಗಳಲ್ಲಿ ಲೇಪ ಕರಗುತ್ತದೆ, ಅದರ ಜಾಗವನ್ನು ರೋಗಿಯ ಊತಕ ತುಂಬುತ್ತದೆ. ಒಳಮೈ ಮಾತ್ರ ಸ್ವಂತ ನಾಳದಂತೆ ಆಗುವುದೇ ಇಲ್ಲ. ಮನುಷ್ಯರಲ್ಲಿ ಒಳಪದರದ ಜೀವಕೋಶಗಳು ಹೊಲಿಗೆಯಿಂದ 1–2 ಸೆಂ.ಮೀ. ಹರಡಿ ನಿಲ್ಲುತ್ತವೆ. ಉಳಿದ ಉದ್ದಕ್ಕೆ ಹೆಪ್ಪುಗಟ್ಟಿದ ರಕ್ತದ ನಾರಾದ ಫೈಬ್ರಿನ್ನಿನ ತೆಳು ಪದರ ಅಷ್ಟೇ. ವರ್ಷಗಳ ಮೇಲೂ ರಕ್ತದಲ್ಲಿ ಬಂದ ರೋಗಾಣು ಅಲ್ಲಿ ನೆಲೆಸಬಹುದಾದ ಒಂದು ಕಾರಣ ಇದು.

ಪ್ರಶ್ನೆ: 11 ವರ್ಷದ ಹಿಂದೆ 18 ಮಿ.ಮೀ. ಹೆಣೆದ ಗ್ರಾಫ್ಟ್ ಹಾಕಿದ್ದರು. ಈಗಿನ ಸಿ.ಟಿ.ಯಲ್ಲಿ 21 ಮಿ.ಮೀ. ಎಂದು ಬಂದಿದೆ. ಮತ್ತೆ ಉಬ್ಬುತ್ತಿದೆಯೇ? — ತುಮಕೂರು

ಉತ್ತರ: ಹೆಣೆದ ಡೇಕ್ರಾನ್ ರಕ್ತದೊತ್ತಡಕ್ಕೆ ಒಡ್ಡಿಕೊಂಡಾಗಲೇ ಪೊಟ್ಟಣದ ಮೇಲಿನ ಅಳತೆಗಿಂತ ಶೇ 10ರಿಂದ 20 ಹಿಗ್ಗುವುದು ಗೊತ್ತಿರುವ ಸಂಗತಿ. ನಿಮ್ಮದು ಶೇ 17ರಷ್ಟು. ಅದಲ್ಲದೆ ಪೊಟ್ಟಣದ ಅಳತೆ ಒಳವ್ಯಾಸ. ಸಿ.ಟಿ.ಯಲ್ಲಿ ಬಹಳಷ್ಟು ಸಲ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯುತ್ತಾರೆ, ಸುತ್ತಲಿನ ಊತಕವೂ ಸೇರಿಕೊಳ್ಳುತ್ತದೆ. 18ನ್ನು 21ರ ಜೊತೆ ಹೋಲಿಸಿದರೆ ಅರ್ಥವಿಲ್ಲ. ಮೊದಲ ವರ್ಷದ ಸ್ಕ್ಯಾನ್ ಇದ್ದರೆ ಅದರ ಜೊತೆ ಹೋಲಿಸಿ. ಆಗಲೂ 20–21 ಇದ್ದರೆ ಸುಮ್ಮನಿರಬಹುದು. ಎರಡು ಸ್ಕ್ಯಾನ್‌ಗಳ ನಡುವೆ ಏರುತ್ತಲೇ ಹೋಗಿದ್ದರೆ, ಒಂದೇ ಪಕ್ಕ ಗುಬುಟು ಎದ್ದಿದ್ದರೆ, ಅಥವಾ ಬಟ್ಟೆಯ ಹೊರಗೆ ರಕ್ತ ಕಂಡರೆ ವಿಷಯ ಬೇರೆ. ಹಳೆಯ ಹೆಣೆದ ಗ್ರಾಫ್ಟ್‌ಗಳಲ್ಲಿ ನೇರ ಹಿಡಿಯಲೆಂದು ಉದ್ದಕ್ಕೂ ಹಾಕಿರುವ ಕಪ್ಪು ಗುರುತುಗೆರೆಯ ಎಳೆಗಳು ಹರಿದು ಬಾಯಿಬಿಟ್ಟ ಪ್ರಕರಣಗಳಿವೆ, ಅವು ಅಪರೂಪ.

ರೇಡಿಯಾಲಜಿ ಚೀಟಿಯಲ್ಲಿ ‘ಗ್ರಾಫ್ಟ್ ನಾರ್ಮಲ್’ ಎಂಬ ಒಂದೇ ಸಾಲು ಬರೆದು ಕೈತೊಳೆದುಕೊಳ್ಳುವುದುಂಟು. ಮೇಲಿನ ಹೊಲಿಗೆ, ಕೆಳಗಿನ ಹೊಲಿಗೆ, ನಡುವಿನ ಭಾಗ, ಕಾಲಿನ ಕಡೆಯ ಸ್ವಂತ ನಾಳಗಳು, ಹೀಗೆ ನಾಲ್ಕು ಕಡೆಯ ಅಳತೆ ಬರೆಸಿಕೊಳ್ಳಿ.

ಪ್ರಶ್ನೆ: ಕಾಲಿಗೆ ರಕ್ತ ಹೋಗದೆ ಅಮ್ಮನಿಗೆ ಹೊಟ್ಟೆಯಿಂದ ಎರಡೂ ತೊಡೆಸಂದಿಗೆ ಬೈಪಾಸ್ ಮಾಡಿದ್ದರು. 9 ವರ್ಷ ಚೆನ್ನಾಗಿದ್ದರು. ಈಗ ಬಲ ತೊಡೆಸಂದಿನಲ್ಲಿ ನಿಂಬೆ ಗಾತ್ರದ ಗಂಟು. ಊರಿನ ಡಾಕ್ಟರು ಕೀವುಗಂಟು ಇರಬಹುದು, ಸೀಳಿ ತೆಗೆಯೋಣ ಎನ್ನುತ್ತಾರೆ. — ಉಡುಪಿ ಜಿಲ್ಲೆ

ಉತ್ತರ: ಸೀಳಿಸಬೇಡಿ. ಸೂಜಿ ಚುಚ್ಚಿ ನೋಡುವುದೂ ಬೇಡ. ಗ್ರಾಫ್ಟ್ ಇಳಿದಿರುವ ತೊಡೆಸಂದಿನಲ್ಲಿ ಎದ್ದ ಗಂಟು ಯಾವುದೇ ಇರಲಿ, ರಕ್ತದ ಹರಿವು ತೋರಿಸುವ ಡಾಪ್ಲರ್ ಅಲ್ಟ್ರಾಸೌಂಡ್ ಆಗುವವರೆಗೆ ಅದನ್ನು ಹೊಲಿಗೆಯ ಜಾಗದ ಹುಸಿ ಉಬ್ಬು ಎಂದೇ ಹಿಡಿಯಬೇಕು. ಸೀಳಿದರೆ ಮೇಜಿನ ಮೇಲೇ ರಕ್ತ ನಿಲ್ಲಿಸಲಾಗದಂತೆ ಹರಿಯಬಹುದು. ಗಂಟಿನ ಎರಡು ಪಕ್ಕ ಎರಡು ಬೆರಳಿಟ್ಟು ನೋಡಿ. ನಾಡಿಯ ಪ್ರತಿ ಬಡಿತಕ್ಕೂ ಬೆರಳುಗಳು ದೂರ ಸರಿದರೆ ಅನುಮಾನ ಇನ್ನೂ ಗಟ್ಟಿ. ಬಡಿತ ಸಿಗದಿದ್ದರೂ ಅಲ್ಲವೆಂದು ಹೇಳಲಾಗದು, ಒಳಗೆ ಹೆಪ್ಪು ತುಂಬಿರಬಹುದು.

ಕಾರಣ ಹೀಗೆ. ಸ್ವಂತ ಅಪಧಮನಿ ಬಡಿತಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಡೇಕ್ರಾನ್ ಹಾಗೆ ಹಿಗ್ಗುವುದಿಲ್ಲ. ಇವೆರಡರ ನಡುವಿನ ಎಳೆದಾಟವೆಲ್ಲ ಹೊಲಿಗೆಯ ಮೇಲೆ ಬೀಳುತ್ತದೆ. ತೊಡೆಸಂದಿನಲ್ಲಿ ಮಡಿಸುವುದು, ಕೂರುವುದು, ಏಳುವುದು ಸೇರಿ ಇನ್ನೂ ಹೆಚ್ಚು. ಬಟ್ಟೆಯೂ ನಾಳವೂ ಎಂದೂ ಕೂಡಿ ಬೆಳೆಯದ ಕಾರಣ ಆ ಜೋಡಣೆಯನ್ನು ಹೊಲಿಗೆ ದಾರವೇ ಕೊನೆಯವರೆಗೆ ಹಿಡಿದಿರಬೇಕು. ರೇಷ್ಮೆ ದಾರ ಬಳಸುತ್ತಿದ್ದ ಕಾಲದಲ್ಲಿ ದಾರವೇ ಕರಗಿ ಜೋಡಣೆ ಬಿಡುತ್ತಿತ್ತು. ಪಾಲಿಪ್ರೊಪಿಲೀನ್ ದಾರ ಬಂದಮೇಲೆ ದಾರ ಹರಿಯುವುದು ವಿರಳ. ಹೆಚ್ಚಾಗಿ ರೋಗ ಹಿಡಿದ ನಾಳದ ಗೋಡೆಯನ್ನು ಸೀಳಿಕೊಂಡು ದಾರ ಹೊರಬರುತ್ತದೆ. ನಾಲ್ಕನೆಯ ಕಾರಣ ಸೋಂಕು. ಅದನ್ನು ಪ್ರತಿ ಪ್ರಕರಣದಲ್ಲೂ ಹುಡುಕಲೇಬೇಕು, ಏಕೆಂದರೆ ಸೋಂಕಿದ್ದರೆ ಚಿಕಿತ್ಸೆಯೇ ಬೇರೆ.

2–2.5 ಸೆಂ.ಮೀ. ಮೀರಿದ, ನೋವಿರುವ ಅಥವಾ ಬೆಳೆಯುತ್ತಿರುವ ಹುಸಿ ಉಬ್ಬನ್ನು ಸರಿಪಡಿಸಬೇಕು. ಸೋಂಕಿಲ್ಲದಿದ್ದರೆ ಹಳೆಯ ಹೊಲಿಗೆಯ ಭಾಗ ಕತ್ತರಿಸಿ ನಡುವೆ ಗ್ರಾಫ್ಟ್‌ನ ಹೊಸ ತುಂಡು ಸೇರಿಸುತ್ತಾರೆ. ತೆಗೆದ ತುಂಡನ್ನು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸುತ್ತಾರೆ. ಒಂದು ಕಡೆ ಬಂದಿದ್ದರೆ ಇನ್ನೊಂದು ತೊಡೆಸಂದು ಮತ್ತು ಹೊಟ್ಟೆಯ ಹೊಲಿಗೆಯನ್ನೂ ಅದೇ ಸಿ.ಟಿ.ಯಲ್ಲಿ ನೋಡಿಸಿ.

ಪ್ರಶ್ನೆ: ಗ್ರಾಫ್ಟ್ ಹಾಕಿ 4 ವರ್ಷ. ಎರಡು ತಿಂಗಳಿಂದ ಸಂಜೆ ಸಣ್ಣ ಜ್ವರ, ಬೆನ್ನು ನೋವು, ತೂಕ ಇಳಿದಿದೆ. ಮೂರು ಸಲ ಆಂಟಿಬಯಾಟಿಕ್ ಕೊಟ್ಟರು. ತಿನ್ನುವಾಗ ಜ್ವರ ಹೋಗುತ್ತದೆ, ನಿಲ್ಲಿಸಿದರೆ ಮರಳುತ್ತದೆ. ಟೈಫಾಯ್ಡ್ ಎನ್ನುತ್ತಾರೆ. — ಶಿವಮೊಗ್ಗ

ಉತ್ತರ: ಬಂದ ಪತ್ರಗಳಲ್ಲಿ ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಇದೇ. ಮಾತ್ರೆಗೆ ತಗ್ಗಿ, ನಿಲ್ಲಿಸಿದಾಗ ಮರಳುವ ಜ್ವರ ಗ್ರಾಫ್ಟ್ ಸೋಂಕಿನ ಲಕ್ಷಣ. ಬೇರೆ ಕಾರಣವೂ ಇರಬಹುದು, ಆದರೆ ಮೊದಲು ಇದಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಗ್ರಾಫ್ಟ್ ಮೇಲೆ ಕೂತ ರೋಗಾಣುಗಳು, ಅದರಲ್ಲೂ ಚರ್ಮದ ಮೇಲೆ ನಿರುಪದ್ರವಿಯಾಗಿ ಬಾಳುವ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್, ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಔಷಧಿ ರಕ್ತದಲ್ಲಿ ತೇಲುವವನ್ನು ಕೊಲ್ಲುತ್ತದೆ, ಲೋಳೆಯೊಳಗಿನವನ್ನು ಮುಟ್ಟುವುದಿಲ್ಲ. ಶಸ್ತ್ರಚಿಕಿತ್ಸೆಯ ದಿನವೇ ಸೇರಿದ್ದು ವರ್ಷಗಳ ನಂತರ ತಲೆಯೆತ್ತಬಹುದು. ಸ್ಟೆಫಿಲೊಕಾಕಸ್ ಔರಿಯಸ್ ಮತ್ತು ಕರುಳಿನ ರೋಗಾಣುಗಳು ಬಂದರೆ ಕಾಯಿಲೆ ಇನ್ನೂ ರಭಸ.

ಮಾಡಬೇಕಾದ ಕ್ರಮ: ಮುಂದಿನ ಆಂಟಿಬಯಾಟಿಕ್ ಮಾತ್ರೆ ನುಂಗುವ ಮೊದಲು ರಕ್ತದ ಕಲ್ಚರ್. ಬೇರೆ ಬೇರೆ ಜಾಗದಿಂದ 2–3 ಜೊತೆ, ದೊಡ್ಡವರಿಗೆ ಒಂದೊಂದು ಬಾಟಲಿಗೆ 8–10 ಮಿ.ಲೀ. ರಕ್ತ. ಎರಡು ಮಿ.ಲೀ. ಹಾಕಿ ಕಳಿಸಿದ ಕಲ್ಚರ್ ‘ನೆಗೆಟಿವ್’ ಬಂದರೆ ಅದಕ್ಕೆ ಬೆಲೆಯಿಲ್ಲ. ಜೊತೆಗೆ ಉರಿಯೂತ ತೋರಿಸುವ ಸಿ.ಆರ್.ಪಿ., ಇ.ಎಸ್.ಆರ್. ರಕ್ತಪರೀಕ್ಷೆಗಳು, ರಕ್ತಕಣಗಳ ಎಣಿಕೆ. ವಿಡಾಲ್ ಪರೀಕ್ಷೆಯೊಂದನ್ನೇ ನಂಬಿ ಟೈಫಾಯ್ಡ್ ಎನ್ನುವುದು ಇಂಥವರಲ್ಲಿ ಅಪಾಯ. ಕಲ್ಚರ್‌ನಲ್ಲಿ ಸಾಲ್ಮೊನೆಲ್ಲಾ ಬೆಳೆದರೂ ‘ಟೈಫಾಯ್ಡ್ ಸಿಕ್ಕಿತು’ ಎಂದು ನಿಲ್ಲುವಂತಿಲ್ಲ. ಆ ರೋಗಾಣುವಿಗೆ ಮಹಾಪಧಮನಿಯ ಗೋಡೆಯಲ್ಲಿ ನೆಲೆಸುವ ಚಾಳಿ ಇದೆ. ಕರಾವಳಿ ಮಲೆನಾಡಿನ ಓದುಗರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಮಣ್ಣು ನೀರಿನಿಂದ ಬರುವ ಮೆಲಿಯಾಯ್ಡೋಸಿಸ್ ಉಡುಪಿ, ದಕ್ಷಿಣ ಕನ್ನಡ ಕಡೆ ಸಕ್ಕರೆ ಕಾಯಿಲೆಯವರಲ್ಲಿ ಕಂಡುಬರುತ್ತದೆ. ಅದೂ ಮಹಾಪಧಮನಿಗೆ ಹತ್ತಬಲ್ಲದು. ಗದ್ದೆ ಕೆಲಸ, ಸಕ್ಕರೆ ಕಾಯಿಲೆ ಇದ್ದರೆ ಲ್ಯಾಬಿನವರಿಗೆ ಮೊದಲೇ ಹೇಳಿ. ದನಕರುಗಳ ಒಡನಾಟವಿದ್ದರೆ ಬ್ರುಸೆಲ್ಲಾ ಪರೀಕ್ಷೆಯೂ ಸೇರಲಿ.

ಆಮೇಲೆ ಕಾಂಟ್ರಾಸ್ಟ್ ಕೊಟ್ಟ ಸಿ.ಟಿ. ಶಸ್ತ್ರಚಿಕಿತ್ಸೆಯಾಗಿ 6–8 ವಾರ ಕಳೆದ ಮೇಲೂ ಗ್ರಾಫ್ಟ್ ಸುತ್ತ ಗಾಳಿಗುಳ್ಳೆ, 3 ತಿಂಗಳ ಮೇಲೂ ದ್ರವ ಇದ್ದರೆ ಸೋಂಕೆಂದು ಹಿಡಿಯಬೇಕು. ಉರಿಯೂತವಿರುವ ಜಾಗ ಹೊಳೆದು ಕಾಣುವ ಪೆಟ್ ಸ್ಕ್ಯಾನ್ ಸಹಾಯ ಮಾಡುತ್ತದೆ, ಆದರೆ ಸೋಂಕಿಲ್ಲದ ಡೇಕ್ರಾನ್ ಸುತ್ತಲೂ ವರ್ಷಗಟ್ಟಲೆ ಸ್ವಲ್ಪ ಹೊಳಪು ಇರುವುದುಂಟು. ಉದ್ದಕ್ಕೂ ಸಮನಾದ ಹೊಳಪಿಗಿಂತ ಒಂದೇ ಕಡೆ ತೀವ್ರವಾಗಿ ಹೊಳೆಯುವುದಕ್ಕೆ ಮಹತ್ವ ಹೆಚ್ಚು.

ಇದರ ಜೊತೆ ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಿ: ಮಲ ಟಾರಿನಂತೆ ಕಪ್ಪಗೆ ಹೋಗಿತ್ತೇ? ರಕ್ತ ವಾಂತಿ ಆಗಿತ್ತೇ? ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೋಡಿನಂ ಮಹಾಪಧಮನಿಯ ಮುಂದೆಯೇ ಅಡ್ಡ ಹಾಯುತ್ತದೆ, ಗ್ರಾಫ್ಟ್‌ನ ಮೇಲಿನ ಹೊಲಿಗೆಗೆ ಒತ್ತಿಕೊಂಡೇ ಇರುತ್ತದೆ. ಅದಕ್ಕಾಗಿಯೇ ಸರ್ಜನ್ನರು ಹಳೆಯ ಉಬ್ಬಿನ ಗೋಡೆಯನ್ನೇ ಗ್ರಾಫ್ಟ್ ಮೇಲೆ ಹೊಚ್ಚಿ ಹೊಲಿಯುತ್ತಾರೆ, ಸಾಲದಿದ್ದರೆ ಹೊಟ್ಟೆಯೊಳಗಿನ ಕೊಬ್ಬಿನ ಸೆರಗಾದ ಒಮೆಂಟಮ್ ಎಳೆದು ಮುಚ್ಚುತ್ತಾರೆ. ಆ ಮರೆ ಸವೆದರೆ ಬಟ್ಟೆ ಕರುಳನ್ನು ಕೊರೆಯುತ್ತದೆ. ಮೊದಲ ರಕ್ತಸ್ರಾವ ಬಹಳಷ್ಟು ಸಲ ಸಣ್ಣದು, ತಾನಾಗಿಯೇ ನಿಲ್ಲುತ್ತದೆ. ಎರಡನೆಯದು ಕೆಲವು ಗಂಟೆಗಳಲ್ಲಿ ಬರಬಹುದು, ವಾರಗಳ ನಂತರವೂ ಬರಬಹುದು, ಪ್ರಾಣಕ್ಕೇ ಬರುತ್ತದೆ. ‘ಅಲ್ಸರ್ ಇರಬೇಕು’ ಎಂದು ಎಂಡೋಸ್ಕೊಪಿ ಮಾಡಿ ‘ನಾರ್ಮಲ್’ ಎಂದು ಕಳಿಸಿಬಿಡುವುದು ಇಲ್ಲಿ ಆಗುವ ತಪ್ಪು. ಮಾಮೂಲಿ ಎಂಡೋಸ್ಕೊಪಿ ಡ್ಯುವೋಡಿನಂನ ಎರಡನೆಯ ಭಾಗದಲ್ಲಿ ನಿಲ್ಲುತ್ತದೆ, ತೂತು ಇರುವುದು ಮೂರನೆಯ ಅಥವಾ ನಾಲ್ಕನೆಯ ಭಾಗದಲ್ಲಿ. ಹೊಟ್ಟೆಯ ಮಹಾಪಧಮನಿಗೆ ಗ್ರಾಫ್ಟ್ ಹಾಕಿಸಿಕೊಂಡವರಿಗೆ ಕಪ್ಪು ಮಲ ಹೋದರೆ ಅಂದೇ ಸಿ.ಟಿ. ಇರುವ, ರಕ್ತನಾಳದ ಸರ್ಜನ್ ಇರುವ ಆಸ್ಪತ್ರೆಗೆ ಹೋಗಬೇಕು.

ಸೋಂಕು ಖಚಿತವಾದರೆ ಆಂಟಿಬಯಾಟಿಕ್ ಒಂದರಿಂದಲೇ ಗುಣವಾಗುವ ಭರವಸೆ ಕೊಡಲಾಗದು. ಶಸ್ತ್ರಚಿಕಿತ್ಸೆ ತಡೆದುಕೊಳ್ಳಬಲ್ಲವರಿಗೆ ಹಳೆಯ ಗ್ರಾಫ್ಟ್ ತೆಗೆದು, ಸುತ್ತಲಿನ ಕೊಳೆತದ್ದನ್ನು ಕೆರೆದು, ಕಾಲುಗಳಿಗೆ ಬೇರೆ ದಾರಿಯಲ್ಲಿ ರಕ್ತ ಕೊಡಬೇಕು. ಕಂಕುಳಿನಿಂದ ಎರಡೂ ತೊಡೆಗೆ ಚರ್ಮದ ಕೆಳಗೆ ಗ್ರಾಫ್ಟ್ ಹಾಯಿಸುವುದು ಹಳೆಯ ದಾರಿ. ಅದು ಬೇಗ ಮುಚ್ಚಿಕೊಳ್ಳುತ್ತದೆ, ಕಟ್ಟಿಹಾಕಿದ ಮಹಾಪಧಮನಿಯ ಮೋಟು ಒಡೆಯುವ ಅಪಾಯವೂ ಇದೆ. ರೋಗಿಯ ತೊಡೆಯ ಆಳದ ಅಭಿಧಮನಿಗಳನ್ನೇ ತೆಗೆದು ಹೊಸ ಮಹಾಪಧಮನಿ ಕಟ್ಟುವುದು, ಮೃತ ದಾನಿಯ ಅಪಧಮನಿ ಬಳಸುವುದು, ದನದ ಹೃದಯಪೊರೆಯನ್ನು ಕೊಳವೆಯಾಗಿ ಹೊಲಿಯುವುದು ಉಳಿದ ದಾರಿಗಳು. ಸೋಂಕು ಮಂದವಾಗಿದ್ದು ಕೀವಿಲ್ಲದಿದ್ದರೆ ರಿಫಾಂಪಿಸಿನ್‌ನಲ್ಲಿ ನೆನೆಸಿದ ಹೊಸ ಡೇಕ್ರಾನ್ ಹಾಕುವುದೂ ಉಂಟು. ಎಲ್ಲವೂ ದೊಡ್ಡ, ಅಪಾಯದ ಶಸ್ತ್ರಚಿಕಿತ್ಸೆಗಳು. ಬಲ ಕುಂದುವ ಮೊದಲೇ ಮಾಡಿಸಿಕೊಂಡವರಿಗೆ ಉಳಿಯುವ ಅವಕಾಶ ಹೆಚ್ಚು. ಎರಡು ತಿಂಗಳು ಈಗಾಗಲೇ ಹೋಗಿದೆ.

ಇನ್ನೊಂದು: ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಗುಂಪಿನ ಔಷಧಿಗಳು ಮಹಾಪಧಮನಿಯ ಉಬ್ಬು, ಸೀಳಿಕೆಯ ಅಪಾಯ ಹೆಚ್ಚಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲಿ ಎಚ್ಚರಿಸಿದೆ. ಬೇರೆ ಔಷಧಿ ಇದ್ದಾಗ ಅದನ್ನೇ ಆರಿಸಬೇಕು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಕೊಳ್ಳುವವರು ಗಮನಿಸಿ.

ಪ್ರಶ್ನೆ: ಅಣ್ಣನಿಗೆ 74. ಹೊಟ್ಟೆಯ ಉಬ್ಬು 5.8 ಸೆಂ.ಮೀ. ಒಬ್ಬರು ಹೊಟ್ಟೆ ತೆರೆಯೋಣ ಎಂದರು, ಇನ್ನೊಬ್ಬರು ತೊಡೆಯಿಂದ ಸ್ಟೆಂಟ್ ಗ್ರಾಫ್ಟ್ ಎಂದರು. ಹೆಚ್ಚು ಬಾಳಿಕೆ ಯಾವುದರದು? — ಮೈಸೂರು

ಉತ್ತರ: ಬಾಳಿಕೆಯೊಂದನ್ನೇ ಕೇಳಿದರೆ ತೆರೆದು ಹೊಲಿದದ್ದು. ಆದರೆ 74ರಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ ಅಲ್ಲ.

ಖಾರ್ಕಿವ್‌ನ ನಿಕೊಲಾಯ್ ವೊಲೊಡೋಸ್ 1987ರಲ್ಲಿ ಎದೆಯ ಭಾಗಕ್ಕೂ, ಬ್ಯೂನಸ್ ಐರಿಸ್‌ನ ಹುವಾನ್ ಪರೋಡಿ 1990ರಲ್ಲಿ ಹೊಟ್ಟೆಯ ಉಬ್ಬಿಗೂ ನಾಳದೊಳಗಿನಿಂದಲೇ ಗ್ರಾಫ್ಟ್ ಹಾಕಿದರು. ಇಲ್ಲಿ ಹೊಲಿಗೆ ಇಲ್ಲ. ಲೋಹದ ಜಾಲರಿಗೆ ಹೊಚ್ಚಿದ ಬಟ್ಟೆ, ಆರೋಗ್ಯವಾಗಿರುವ ನಾಳದ ಒಳಗೋಡೆಗೆ ಒತ್ತಿ ನಿಲ್ಲುತ್ತದೆ. ಆದ್ದರಿಂದ ಮೂತ್ರಪಿಂಡದ ನಾಳಗಳ ಕೆಳಗೆ ಉಬ್ಬು ಶುರುವಾಗುವ ಮೊದಲು ಕನಿಷ್ಠ 10–15 ಮಿ.ಮೀ. ಉದ್ದದ ನೇರವಾದ, ಸಮನಾದ ‘ಕುತ್ತಿಗೆ’ ಬೇಕು. ಅದು ಗಿಡ್ಡವಾಗಿದ್ದರೆ, ಬಹಳ ಬಾಗಿದ್ದರೆ, ಒಳಗೆ ಸುಣ್ಣ ಕಟ್ಟಿದ್ದರೆ ಇಂದು ಕೂತದ್ದು ನಾಲ್ಕು ವರ್ಷಕ್ಕೆ ಜಾರುತ್ತದೆ.

ಬ್ರಿಟನ್ನಿನ ಇವಾರ್-1 ಅಧ್ಯಯನ 1999–2004ರಲ್ಲಿ 60 ದಾಟಿದ, 5.5 ಸೆಂ.ಮೀ. ಅಥವಾ ಹೆಚ್ಚಿನ ಉಬ್ಬಿದ್ದ 1252 ಜನರನ್ನು ಎರಡು ಗುಂಪು ಮಾಡಿತು. ಮೊದಲ 30 ದಿನದಲ್ಲಿ ಸಾವು ಸ್ಟೆಂಟ್ ಗ್ರಾಫ್ಟ್ ಗುಂಪಿನಲ್ಲಿ ಶೇ 1.8, ತೆರೆದ ಗುಂಪಿನಲ್ಲಿ ಶೇ 4.3. ಕೆಲವು ವರ್ಷಗಳಲ್ಲಿ ಈ ಅಂತರ ಮುಚ್ಚಿಹೋಯಿತು. ಎಂಟು ವರ್ಷದ ನಂತರ ಲೆಕ್ಕ ತಿರುಗಿತು: ಸ್ಟೆಂಟ್ ಗ್ರಾಫ್ಟ್‌ನವರಲ್ಲಿ ಸಾವು ಹೆಚ್ಚು, ಹಳೆಯ ಉಬ್ಬು ಒಡೆದದ್ದು ಅದರ ಒಂದು ಮುಖ್ಯ ಕಾರಣ. ಆಗಿನ ಸಾಧನಗಳು ಈಗಿಲ್ಲ ಎಂಬುದು ನಿಜ. ಆದರೂ ಈ ಪಾಠವನ್ನು ಬದಿಗಿಡಲು ನಮಗೆ ಮನಸ್ಸಿಲ್ಲ.

ಹೀಗೆ ಉಬ್ಬು ಒಡೆಯಲು ಕಾರಣ ಎಂಡೋಲೀಕ್, ಅಂದರೆ ಗ್ರಾಫ್ಟ್ ಇದ್ದೂ ಉಬ್ಬಿನೊಳಗೆ ರಕ್ತ ನುಗ್ಗುವುದು. ತುದಿಗಳ ಪಕ್ಕದಿಂದ ನುಗ್ಗಿದರೆ ಒಂದನೆಯ ಬಗೆ, ತುಂಡುಗಳ ಜೋಡಣೆ ಬಿಟ್ಟು ಅಥವಾ ಬಟ್ಟೆ ಹರಿದು ನುಗ್ಗಿದರೆ ಮೂರನೆಯ ಬಗೆ. ಇವೆರಡನ್ನೂ ಕಂಡ ಕೂಡಲೇ ಸರಿಪಡಿಸಬೇಕು. ಸೊಂಟದ ಸಣ್ಣ ನಾಳಗಳಿಂದ ಹಿಮ್ಮುಖವಾಗಿ ಬರುವ ಎರಡನೆಯ ಬಗೆ ಹೆಚ್ಚು ಸಾಮಾನ್ಯ. ಉಬ್ಬು ಬೆಳೆಯದಿದ್ದರೆ ಅದನ್ನು ನೋಡುತ್ತಾ ಇರಬಹುದು. ನೋಡುತ್ತಾ ಇರುವುದು ಎಂದರೆ ಒಂದನೆಯ ತಿಂಗಳಲ್ಲಿ ಸಿ.ಟಿ., ಒಂದು ವರ್ಷವಾದಾಗ ಇನ್ನೊಂದು, ಎಲ್ಲ ಸರಿಯಿದ್ದರೆ ಆಮೇಲೆ ಪ್ರತಿ ವರ್ಷ ಡಾಪ್ಲರ್ ಅಲ್ಟ್ರಾಸೌಂಡ್, ಬದುಕಿರುವವರೆಗೂ.

ನಮ್ಮ ಸಲಹೆ: ಅಣ್ಣನಿಗೆ ಹೃದಯ ಅಥವಾ ಶ್ವಾಸಕೋಶ ದುರ್ಬಲವಿದ್ದು ಕುತ್ತಿಗೆ ಚೆನ್ನಾಗಿದ್ದರೆ ಸ್ಟೆಂಟ್ ಗ್ರಾಫ್ಟ್. ಮಹಡಿ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುವ ಗಟ್ಟಿಗರಾಗಿದ್ದು ಕುತ್ತಿಗೆ ಕೆಟ್ಟಿದ್ದರೆ ತೆರೆದದ್ದು. ಪ್ರತಿ ವರ್ಷ ಸ್ಕ್ಯಾನ್‌ಗೆ ಕರೆತರುವವರು ಮನೆಯಲ್ಲಿ ಇಲ್ಲ ಎಂದಾದರೆ ಅದನ್ನೂ ಡಾಕ್ಟರಿಗೆ ಹೇಳಿ, ಆಯ್ಕೆಯಲ್ಲಿ ಅದಕ್ಕೂ ತೂಕವಿದೆ. ಆರೋಗ್ಯ ಯೋಜನೆಯಲ್ಲಿ ಮಾಡಿಸುವವರು ಪ್ಯಾಕೇಜಿನಲ್ಲಿ ಸಾಧನದ ಬೆಲೆ ಪೂರ್ತಿ ಸೇರಿದೆಯೇ, ಮುಂದಿನ ಸ್ಕ್ಯಾನ್‌ಗಳ ಖರ್ಚು ಯಾರದು ಎಂದು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ನನಗೆ 26, ಮಾರ್ಫನ್ ಸಿಂಡ್ರೋಮ್ (ಮಹಾಪಧಮನಿಯ ಗೋಡೆ ದುರ್ಬಲವಾಗಿರುವ ಹುಟ್ಟು ಕಾಯಿಲೆ). ಕವಾಟವೂ ಗ್ರಾಫ್ಟೂ ಸೇರಿದ ಬೆಂಟಾಲ್ ಶಸ್ತ್ರಚಿಕಿತ್ಸೆ ಆಗಿದೆ. ಇನ್ನು 50 ವರ್ಷ ಬಾಳುತ್ತದೆಯೇ? ಹಲ್ಲು ಕೀಳಿಸಬೇಕು, ಹೆದರಿಕೆ. — ಬೆಳಗಾವಿ

ಉತ್ತರ: ಲಂಡನ್ನಿನ ಹ್ಯೂ ಬೆಂಟಾಲ್ ಮತ್ತು ಆಂಟನಿ ಡಿ ಬೋನೊ ಈ ವಿಧಾನ ವರದಿ ಮಾಡಿದ್ದು 1968ರಲ್ಲಿ. ಲೋಹದ ಕವಾಟವಾದರೆ ಅದೂ ಡೇಕ್ರಾನೂ ದಶಕಗಟ್ಟಲೆ ನಡೆಯುತ್ತವೆ. ನಿಮ್ಮಲ್ಲಿ ದುರ್ಬಲ ಇರುವುದು ಉಳಿದ ಸ್ವಂತ ಮಹಾಪಧಮನಿ ಮತ್ತು ಹೃದಯದ ನಾಳಗಳನ್ನು ಗ್ರಾಫ್ಟ್‌ಗೆ ಗುಂಡಿಯಂತೆ ಕತ್ತರಿಸಿ ಹೊಲಿದ ಜಾಗ. ಆದ್ದರಿಂದ ಹೃದಯದ ಅಲ್ಟ್ರಾಸೌಂಡ್ ಆದ ಎಕೋ ಒಂದೇ ಸಾಲದು. ಮಹಾಪಧಮನಿಯ ಪೂರ್ತಿ ಉದ್ದವನ್ನು ಸಿ.ಟಿ. ಅಥವಾ ಎಂ.ಆರ್.ಐ.ನಲ್ಲಿ ನಿಮ್ಮ ವೈದ್ಯರು ಹೇಳಿದ ಅಂತರಕ್ಕೆ ನೋಡಿಸುತ್ತಿರಿ. ಚಿಕ್ಕ ವಯಸ್ಸಿನವರಿಗೆ ಎಕ್ಸ್‌ರೇ ಕಿರಣ ಇಲ್ಲದ ಎಂ.ಆರ್.ಐ. ಮೇಲು. ರಕ್ತದೊತ್ತಡ ತಗ್ಗಿಸುವ ಬೀಟಾ ಬ್ಲಾಕರ್ ಅಥವಾ ಲೊಸಾರ್ಟಾನ್ ಕೊಟ್ಟಿದ್ದರೆ ‘ಆಪರೇಷನ್ ಆಯಿತಲ್ಲ’ ಎಂದು ನಿಲ್ಲಿಸಬೇಡಿ.

ಲೋಹದ ಕವಾಟಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರಾಮ್ ಜಾತಿಯ ಮಾತ್ರೆ ಬದುಕಿರುವವರೆಗೂ ಬೇಕು. ಬೇರೆ ತೊಡಕಿಲ್ಲದ ಹೊಸ ಬಗೆಯ ಕವಾಟಗಳಿಗೆ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಪರೀಕ್ಷೆಯ ಅಂಕಿ) 2ರಿಂದ 3ರ ನಡುವೆ ಇರಬೇಕು. ಪರೀಕ್ಷೆಯ ಕಿರಿಕಿರಿ ಇಲ್ಲವೆಂದು ಡಾಬಿಗಾಟ್ರಾನ್‌ನಂಥ ಹೊಸ ಮಾತ್ರೆಗೆ ಬದಲಾಗಬೇಡಿ. ಲೋಹದ ಕವಾಟದವರಿಗೆ ಅದು ಅಪಾಯವೆಂದು ಪರೀಕ್ಷೆಯಲ್ಲೇ ಕಂಡಿದೆ.

ಹಲ್ಲಿನ ವಿಷಯ: ಕೃತಕ ಕವಾಟವಿರುವ ನಿಮಗೆ ಕೀಳುವ 30–60 ನಿಮಿಷ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ, ಒಂದೇ ಸಲ. ಪೆನಿಸಿಲಿನ್ ಅಲರ್ಜಿಯಿದ್ದರೆ ಅಝಿಥ್ರೊಮೈಸಿನ್ 500 ಮಿ.ಗ್ರಾಂ. ಆಗಬಹುದು. ದಂತವೈದ್ಯರಿಗೆ ಮೊದಲೇ ತಿಳಿಸಿ. ವಾರ್ಫರಿನ್ನನ್ನು ನೀವಾಗಿಯೇ ನಿಲ್ಲಿಸಬೇಡಿ. ಐ.ಎನ್.ಆರ್. ಮಿತಿಯಲ್ಲಿದ್ದರೆ ಒಂದೆರಡು ಹಲ್ಲನ್ನು ಒತ್ತು ಕೊಟ್ಟು, ಹೊಲಿಗೆ ಹಾಕಿ ಕೀಳಬಹುದು. ಕವಾಟವಿಲ್ಲದ, ಗ್ರಾಫ್ಟ್ ಮಾತ್ರ ಇರುವವರ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಅಮೆರಿಕದ ರಕ್ತನಾಳ ಸರ್ಜನ್ನರ ಸಂಘದ 2018ರ ಮಾರ್ಗಸೂಚಿ ಒಸಡಿನ ಕೆಲಸಕ್ಕೆ ಮುನ್ನ ಕೊಡಿ ಎನ್ನುತ್ತದೆ, ಹೃದ್ರೋಗ ತಜ್ಞರ ಮಾರ್ಗಸೂಚಿ ಬೇಡ ಎನ್ನುತ್ತದೆ. ಒಂದು ಡೋಸಿನ ತೊಂದರೆಗಿಂತ ಗ್ರಾಫ್ಟ್ ಸೋಂಕಿನ ತೊಂದರೆ ಎಷ್ಟೋ ದೊಡ್ಡದು, ಹಾಗಾಗಿ ನಮ್ಮ ಒಲವು ಕೊಡುವ ಕಡೆ.

ನಿಮ್ಮ ಮಕ್ಕಳಿಗೆ ಇದು ಬರುವ ಸಾಧ್ಯತೆ ಶೇ 50. ತಂದೆ, ತಾಯಿ, ಒಡಹುಟ್ಟಿದವರಿಗೆ ಎಕೋ ಆಗಿಲ್ಲವಾದರೆ ಈಗಲೇ ಮಾಡಿಸಿ.

ಪ್ರಶ್ನೆ: ಎಂ.ಆರ್.ಐ. ಮಾಡಿಸಬಹುದೇ? ವಿಮಾನ ನಿಲ್ದಾಣದಲ್ಲಿ ಕೂಗುತ್ತದೆಯೇ? ಭಾರ ಎತ್ತುವುದು, ಚಕ್ಕಳಮಕ್ಕಳ ಕೂರುವುದು? — ಹಲವರು

ಉತ್ತರ: ಬರೀ ಡೇಕ್ರಾನ್‌ನಲ್ಲಿ ಲೋಹವಿಲ್ಲ, ಎಂ.ಆರ್.ಐ.ಗೆ ಅಡ್ಡಿಯಿಲ್ಲ. ಸ್ಟೆಂಟ್ ಗ್ರಾಫ್ಟ್ ಇದ್ದವರು ಸಾಧನದ ಕಾರ್ಡ್ ತೋರಿಸಬೇಕು. ನಿಟಿನಾಲ್ ಎಂಬ ಮಿಶ್ರಲೋಹದವಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ, ಸ್ಟೇನ್‌ಲೆಸ್ ಸ್ಟೀಲಿನವು ಚಿತ್ರವನ್ನು ಕೆಡಿಸುತ್ತವೆ. ವಿಮಾನ ನಿಲ್ದಾಣದ ಬಾಗಿಲು ಬಟ್ಟೆಗೆ ಕೂಗುವುದಿಲ್ಲ.

ಹೊಟ್ಟೆ ತೆರೆದವರು ಮೊದಲ 6 ವಾರ 4–5 ಕಿಲೋಗಿಂತ ಹೆಚ್ಚು ಎತ್ತಬಾರದು. ಅದು ಗ್ರಾಫ್ಟ್‌ಗಾಗಿ ಅಲ್ಲ, ಹೊಟ್ಟೆಯ ಗೋಡೆಯ ಹೊಲಿಗೆ ಬಿಟ್ಟು ಹರ್ನಿಯಾ ಆಗದಿರಲೆಂದು. ಉಬ್ಬಿನ ರೋಗಿಗಳಲ್ಲಿ ಇಂಥ ಹರ್ನಿಯಾ ಉಳಿದವರಿಗಿಂತ ಹೆಚ್ಚು. ಗಾಯ ಮಾಗಿದ ಮೇಲೆ ಚಕ್ಕಳಮಕ್ಕಳ ಕೂರಬಹುದು. ಕಂಕುಳಿನಿಂದ ತೊಡೆಗೆ ಹಾಯಿಸಿದ ಗ್ರಾಫ್ಟ್ ಇದ್ದವರು ಮಾತ್ರ ಆ ಪಕ್ಕಕ್ಕೆ ಮಲಗುವುದು, ಬಿಗಿ ಉಡುದಾರ, ಬೆಲ್ಟ್ ಬಿಡಬೇಕು.

ಪ್ರಶ್ನೆ: ಯಾವ ಕಾಗದ ಜೋಪಾನ ಮಾಡಬೇಕು? — ಕಲಬುರಗಿ

ಉತ್ತರ: ಗ್ರಾಫ್ಟ್‌ನ ಪೊಟ್ಟಣದ ಜೊತೆ ಅಂಟುಚೀಟಿಗಳು ಬರುತ್ತವೆ. ತಯಾರಕರ ಹೆಸರು, ಅಳತೆ, ಲಾಟ್ ಸಂಖ್ಯೆ ಅದರಲ್ಲಿರುತ್ತವೆ. ಒಂದು ಆಸ್ಪತ್ರೆಯ ಕಡತಕ್ಕೆ, ಒಂದು ನಿಮ್ಮ ಡಿಸ್ಚಾರ್ಜ್ ಚೀಟಿಗೆ. ಹಚ್ಚಿಲ್ಲದಿದ್ದರೆ ಮನೆಗೆ ಹೊರಡುವ ಮೊದಲೇ ಕೇಳಿ ಹಚ್ಚಿಸಿಕೊಳ್ಳಿ. ಅದರ ಜೊತೆ ಆಪರೇಷನ್ ಟಿಪ್ಪಣಿಯ ನಕಲು: ಮೇಲಿನ ಹೊಲಿಗೆ ಎಲ್ಲಿ, ಕೆಳಗಿನದು ಎಲ್ಲಿ, ತುದಿಗೆ ತುದಿಯೋ ಪಕ್ಕಕ್ಕೋ, ಕಟ್ಟಿಹಾಕಿದ ನಾಳ ಯಾವುದು. ಮೊದಲ ಸಿ.ಟಿ.ಯ ಚೀಟಿಯಷ್ಟೇ ಸಾಲದು, ಚಿತ್ರಗಳನ್ನೂ ಪೆನ್‌ಡ್ರೈವಿನಲ್ಲಿ ಪಡೆದುಕೊಳ್ಳಿ. ಸಿ.ಡಿ. ಓದುವ ಕಂಪ್ಯೂಟರ್ ಈಗಲೇ ಅಪರೂಪ. ರಾತ್ರಿ ಹೊತ್ತು ಬೇರೆ ಊರಿನ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಅಲ್ಲಿನವರು ಮೊದಲು ಕೇಳುವುದು ಇವನ್ನೇ. ಅಂಟುಚೀಟಿಯ ಫೋಟೊ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ.